ನಿಮ್ಮ ಝೀನರ್ ಡಬ್ಬಿಯಲ್ಲಿ ಏನಿರಬೇಕು?

ಶಹಾಡ್‌ನಲ್ಲಿ ಮನೆ ಮಾಡಿಕೊಂಡು ಎಲೆಕ್ಟ್ರಾನಿಕ್ಸ್ ಹವ್ಯಾಸ ಬೆಳೆಸಿಕೊಂಡವರಿಗೆ ಎರಡು ರೂಪಾಯಿಯ ಒಂದು ಡಯೋಡ್ ಹೊತ್ತಿಗೆ ಸಿಗದೇ ಹೋದರೆ ಇಡೀ ದಿನ ಕೈಬಿಟ್ಟು ಹೋಗುತ್ತದೆ. ಕಸಾರಾ ಕಡೆಯಿಂದ ಬರುವ ಲೋಕಲ್ ಹಿಡಿಯಬೇಕು. ಕಲ್ಯಾಣ್, ಠಾಣೆ ದಾಟಿ ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ ವೆಸ್ಟರ್ನ್ ಲೈನಿಗೆ ಬಂದು, ಸ್ಲೋ ಗಾಡಿಯಲ್ಲಿ ಗ್ರಾಂಟ್ ರೋಡ್‌ಗೆ ಹೋಗಬೇಕು. ಅಲ್ಲಿ ಪೂರ್ವದ ಕಡೆ ಇಳಿದರೆ ಲ್ಯಾಮಿಂಗ್ಟನ್ ರೋಡ್. ಕಾಗದದ ಮೇಲೆ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ್ ಎಂದು ಹೆಸರು ಬದಲಾಗಿ ಎಷ್ಟೋ ಕಾಲವಾದರೂ ಬಿಡಿಭಾಗ ಕೊಳ್ಳುವವರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ನೌಕರಿ ಮಾಡುವವರಿಗೆ ಬಿಡುವಿರುವುದು ಭಾನುವಾರ. ಅಂದೇ ಅಲ್ಲಿನ ಬಹುತೇಕ ಅಂಗಡಿಗಳಿಗೆ ರಜೆ. ಆನ್‌ಲೈನ್‌ನಲ್ಲಿ ತರಿಸೋಣವೆಂದರೆ ಹತ್ತು ಡಯೋಡಿನ ಬೆಲೆಗಿಂತ ಕೊರಿಯರ್ ಖರ್ಚೇ ಹೆಚ್ಚು.

ಹಾಗಾಗಿ ಮನೆಯಲ್ಲೊಂದು ದಾಸ್ತಾನು ಬೇಕೇಬೇಕು. ರೆಸಿಸ್ಟರ್, ಕೆಪಾಸಿಟರ್‌ಗಳ ದಾಸ್ತಾನು ಮಾಡುವುದು ಸುಲಭ. ಯಾವ ಮೌಲ್ಯ ಹೆಚ್ಚು ಖರ್ಚಾಗುತ್ತದೆಂಬುದು ಕೆಲವೇ ತಿಂಗಳಲ್ಲಿ ತಿಳಿದುಬಿಡುತ್ತದೆ. ಝೀನರ್ ಡಯೋಡಿನ ವಿಷಯದಲ್ಲಿ ಮಾತ್ರ ಹೊಸಬರು ತಬ್ಬಿಬ್ಬಾಗುವುದನ್ನು ಕಲ್ಯಾಣ್, ಉಲ್ಹಾಸ್‌ನಗರ, ಡೊಂಬಿವಲಿಯ ಡಿಪ್ಲೊಮಾ ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ನೋಡುತ್ತಲೇ ಇದ್ದೇನೆ. ತಬ್ಬಿಬ್ಬಾಗುವುದು ಸಹಜವೇ. ಒಂದು ವಾಟಿನ ಪ್ರಸಿದ್ಧ ಸರಣಿಯೊಂದನ್ನೇ ತೆಗೆದುಕೊಳ್ಳಿ: 3.3 ವೋಲ್ಟಿನ 1ಎನ್4728ಎಯಿಂದ ಹಿಡಿದು 100 ವೋಲ್ಟಿನ 1ಎನ್4764ಎವರೆಗೆ 37 ಮೌಲ್ಯಗಳು. ಅರ್ಧ ವಾಟಿನ ಬಿಝಡ್‌ಎಕ್ಸ್55, ಬಿಝಡ್‌ಎಕ್ಸ್79 ಸರಣಿಗಳು ಬೇರೆ. ಇವಿಷ್ಟನ್ನೂ ಕೊಂಡಿಡುವುದು ಅಂಗಡಿಯವರ ಕೆಲಸ. ಹವ್ಯಾಸಿಗೆ ಏಳೆಂಟು ಮೌಲ್ಯ ಸಾಕು. ಆದರೆ ಆ ಏಳೆಂಟು ಯಾವುವು, ಪ್ರತಿಯೊಂದೂ ಅರ್ಧ ವಾಟಿನದೋ ಒಂದು ವಾಟಿನದೋ ಎಂಬುದನ್ನು ಕಾರಣ ತಿಳಿದು ಆರಿಸಬೇಕು.

ಝೀನರ್‌ಗೆ ಒಗ್ಗುವ ವೋಲ್ಟೇಜ್

ಝೀನರ್ ಏನು ಮಾಡುತ್ತದೆಂಬುದು ನಿಮಗೆ ಗೊತ್ತಿರುತ್ತದೆ. ಪಟ್ಟಿ ಇರುವ ತುದಿಯನ್ನು ಪಾಸಿಟಿವ್ ಕಡೆಗಿಟ್ಟು ಹಿಮ್ಮುಖವಾಗಿ ಜೋಡಿಸಿದಾಗ, ನಿಗದಿತ ವೋಲ್ಟೇಜ್ ಬರುವವರೆಗೆ ಸುಮ್ಮನಿದ್ದು, ಅದು ಬಂದ ಕೂಡಲೇ ಕರೆಂಟ್ ಹರಿಯಲು ಬಿಡುತ್ತದೆ. ಹೆಸರು ಬಂದಿದ್ದು ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಝೀನರ್ ಅವರಿಂದ. ತೀವ್ರ ವಿದ್ಯುತ್ ಕ್ಷೇತ್ರದಲ್ಲಿ ಅವಾಹಕವೊಂದು ಹೇಗೆ ಮುರಿದುಬೀಳುತ್ತದೆಂಬುದನ್ನು ಅವರು 1934ರಲ್ಲಿ ವಿವರಿಸಿದರು. ಆಗ ಈ ಡಯೋಡೇ ಇರಲಿಲ್ಲ. ಮುಂದೆ ಬೆಲ್ ಪ್ರಯೋಗಾಲಯದಲ್ಲಿ ಡಯೋಡ್ ತಯಾರಾದಾಗ ವಿಲಿಯಂ ಶಾಕ್ಲಿ ಅದಕ್ಕೆ ಅವರ ಹೆಸರಿಟ್ಟರು.

ದಾಸ್ತಾನಿನ ಪ್ರಶ್ನೆಗೆ ಇಲ್ಲಿಯೇ ಒಂದು ಸುಳಿವಿದೆ. ಅಂಗಡಿಯಲ್ಲಿ ಝೀನರ್ ಎಂದು ಸಿಗುವ ಎಲ್ಲ ಡಯೋಡುಗಳಲ್ಲಿ ನಡೆಯುವುದು ಒಂದೇ ಕ್ರಿಯೆ ಅಲ್ಲ. ಸುಮಾರು 5 ವೋಲ್ಟ್‌ಗಿಂತ ಕೆಳಗಿನವುಗಳಲ್ಲಿ ಝೀನರ್ ವಿವರಿಸಿದ ಕ್ರಿಯೆ ನಡೆಯುತ್ತದೆ. ಮೇಲಿನವುಗಳಲ್ಲಿ ನಡೆಯುವುದು ಅವಲಾಂಚ್ ಎಂಬ ಇನ್ನೊಂದು ಕ್ರಿಯೆ: ವೇಗ ಪಡೆದ ಎಲೆಕ್ಟ್ರಾನು ಇನ್ನೊಂದಕ್ಕೆ ಢಿಕ್ಕಿ ಹೊಡೆದು ಬಿಡಿಸುತ್ತದೆ, ಅವೆರಡೂ ಸೇರಿ ಮತ್ತಷ್ಟನ್ನು ಬಿಡಿಸುತ್ತವೆ. ಬಿಸಿಯಾದಾಗ ಮೊದಲನೆಯ ಕ್ರಿಯೆಯಲ್ಲಿ ವೋಲ್ಟೇಜ್ ಇಳಿಯುತ್ತದೆ, ಎರಡನೆಯದರಲ್ಲಿ ಏರುತ್ತದೆ. 5 ಮತ್ತು 6 ವೋಲ್ಟಿನ ನಡುವೆ ಎರಡೂ ಒಟ್ಟಿಗೆ ನಡೆದು ಒಂದರ ಏರಿಳಿತವನ್ನು ಇನ್ನೊಂದು ಅಳಿಸುತ್ತದೆ.

ಇದು ಬರೀ ಪಠ್ಯಪುಸ್ತಕದ ಮಾತಲ್ಲ, ಅಳತೆಗೆ ಸಿಗುತ್ತದೆ. ಬಿಝಡ್‌ಎಕ್ಸ್79 ಸರಣಿಯ 5.6 ವೋಲ್ಟ್ ಝೀನರ್, ಪ್ರತಿ ಡಿಗ್ರಿ ಬಿಸಿಗೆ ಹೆಚ್ಚೆಂದರೆ ಎರಡು ಎರಡೂವರೆ ಮಿಲಿವೋಲ್ಟ್ ಆಚೀಚೆ ಆಗುತ್ತದೆ. ಅದೇ ಸರಣಿಯ 12 ವೋಲ್ಟಿನದು ಡಿಗ್ರಿಗೆ 6ರಿಂದ 10 ಮಿಲಿವೋಲ್ಟ್ ಏರುತ್ತದೆ. ಮೇ ತಿಂಗಳಲ್ಲಿ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಬಿಸಿ 30ರಿಂದ 60 ಡಿಗ್ರಿಗೆ ಏರಿತೆಂದರೆ 12 ವೋಲ್ಟಿನಲ್ಲಿ ಸುಮಾರು ಕಾಲು ವೋಲ್ಟ್ ವ್ಯತ್ಯಾಸ. ರಿಲೇ ನಡೆಸಲು ಅದರಿಂದ ತೊಂದರೆಯಿಲ್ಲ. ಬ್ಯಾಟರಿಯ ಮಟ್ಟ ಅಳೆಯಲು ಹೊರಟರೆ ತೊಂದರೆ ಇದೆ.

ಇನ್ನೊಂದು ಗುಣವೂ ಇದೇ ಜಾಗದಲ್ಲಿ ಚೆನ್ನಾಗಿರುತ್ತದೆ. ಕರೆಂಟ್ ಸ್ವಲ್ಪ ಹೆಚ್ಚು ಕಡಿಮೆಯಾದರೂ ವೋಲ್ಟೇಜ್ ಅಲುಗಬಾರದು, ಝೀನರ್‌ನಿಂದ ನಾವು ಬಯಸುವುದೇ ಅದು. 6.2 ವೋಲ್ಟಿನದರಲ್ಲಿ 5 ಮಿಲಿಆಂಪಿಯರ್ ಸುಮಾರಿಗೆ ಆಂತರಿಕ ರೋಧ ಹೆಚ್ಚೆಂದರೆ 10 ಓಮ್. 3.3 ವೋಲ್ಟಿನದರಲ್ಲಿ ಅದು 95 ಓಮ್‌ವರೆಗೆ ಹೋಗುತ್ತದೆ. ಅಂದರೆ ಕರೆಂಟ್ 1 ಮಿಲಿಆಂಪಿಯರ್ ಬದಲಾದರೆ ಮೊದಲನೆಯದು 0.01 ವೋಲ್ಟ್ ಅಲುಗುತ್ತದೆ, ಎರಡನೆಯದು 0.1 ವೋಲ್ಟ್‌ನಷ್ಟು. ಆದ್ದರಿಂದ ಡಬ್ಬಿ ತುಂಬುವುದನ್ನು 5.1, 5.6, 6.2ರಿಂದ ಶುರುಮಾಡಿ. ಮೇಲಿನ ಮೌಲ್ಯಗಳನ್ನು ಕೆಲಸ ನೋಡಿಕೊಂಡು ಸೇರಿಸಿ. ಕೆಳಗಿನವುಗಳ ವಿಷಯಕ್ಕೆ ಆಮೇಲೆ ಬರೋಣ.

ಅರ್ಧ ವಾಟೋ, ಒಂದು ವಾಟೋ?

ಹೆಚ್ಚು ವಾಟಿನದು ಯಾವಾಗಲೂ ಒಳ್ಳೆಯದೆಂಬ ಲೆಕ್ಕದಲ್ಲಿ ಬಹಳ ಜನ ಬರೀ ಒಂದು ವಾಟಿನವನ್ನೇ ಕೊಳ್ಳುತ್ತಾರೆ. ರೆಸಿಸ್ಟರ್‌ಗೆ ಈ ಲೆಕ್ಕ ಸರಿ, ಝೀನರ್‌ಗೆ ತಪ್ಪು. ಕಾರಣವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಕಲಿ ಮಾಲು ಎಂಬ ದೂರುಗಳಲ್ಲಿ ಹಲವಕ್ಕೆ ಮೂಲ ಇದೇ.

ಡಯೋಡಿನ ಮೇಲೆ ಬರೆದಿರುವ ವೋಲ್ಟೇಜ್ ಯಾವುದೋ ಒಂದು ನಿರ್ದಿಷ್ಟ ಕರೆಂಟಿನಲ್ಲಿ ಅಳೆದದ್ದು. ಒಂದು ವಾಟಿನ 5.1 ವೋಲ್ಟ್ ಝೀನರ್ 1ಎನ್4733ಎಯನ್ನು ತಯಾರಕರು 49 ಮಿಲಿಆಂಪಿಯರ್‌ನಲ್ಲಿ ಅಳೆದಿರುತ್ತಾರೆ. 3.3 ವೋಲ್ಟಿನ 1ಎನ್4728ಎಗೆ 76 ಮಿಲಿಆಂಪಿಯರ್ ಬೇಕು. ಹವ್ಯಾಸಿಯ ಸರ್ಕೀಟಿನಲ್ಲಿ ಝೀನರ್‌ಗೆ ಸಿಗುವುದು ಸಾಮಾನ್ಯವಾಗಿ 2ರಿಂದ 10 ಮಿಲಿಆಂಪಿಯರ್. ಅಷ್ಟು ಕಡಿಮೆ ಕರೆಂಟಿನಲ್ಲಿ ಈ ಡಯೋಡ್ ಬರೆದ ಮೌಲ್ಯಕ್ಕೆ ಏರುವುದೇ ಇಲ್ಲ. ಮಲ್ಟಿಮೀಟರ್ ಹಿಡಿದವರಿಗೆ 5.1ಕ್ಕಿಂತ ಸ್ಪಷ್ಟವಾಗಿ ಕಡಿಮೆ ಕಾಣುತ್ತದೆ, ಅಂಗಡಿಯವರು ಮೋಸ ಮಾಡಿದರು ಅನಿಸುತ್ತದೆ. ವಾಸ್ತವದಲ್ಲಿ ಡಯೋಡ್ ಸರಿಯಾಗಿಯೇ ಇದೆ, ಆ ಜಾಗಕ್ಕೆ ಅದು ಸರಿಯಾದುದಲ್ಲ, ಅಷ್ಟೆ.

ಅರ್ಧ ವಾಟಿನ ಬಿಝಡ್‌ಎಕ್ಸ್55 ಮತ್ತು ಬಿಝಡ್‌ಎಕ್ಸ್79 ಸರಣಿಗಳಲ್ಲಿ, ನಮಗೆ ಬೇಕಾದ ಮೌಲ್ಯಗಳನ್ನೆಲ್ಲ 5 ಮಿಲಿಆಂಪಿಯರ್‌ನಲ್ಲೇ ಅಳೆದಿರುತ್ತಾರೆ. ರೆಫರೆನ್ಸ್, ಸೂಚಕ, ಸಣ್ಣ ಸರ್ಕೀಟಿನ ಸರಬರಾಜು, ಇಂಥ ಕಡೆಗಳಿಗೆ ಇವೇ ಹೊಂದುತ್ತವೆ. ಒಂದು ವಾಟಿನವನ್ನು ಶಕ್ತಿ ನುಂಗುವ ಜಾಗಗಳಿಗೆ ಮೀಸಲಿಡಿ: ಹೆಚ್ಚುವರಿ ವೋಲ್ಟೇಜನ್ನು ತಡೆಯುವುದು, ಕಾಯಿಲಿನ ಹೊಡೆತ ಹೀರುವುದು. ಇನ್ನೊಂದು ಅರ್ಧ ವಾಟಿನ ಸರಣಿಯಿದೆ, 1ಎನ್52ರಿಂದ ಶುರುವಾಗುವ ಸಂಖ್ಯೆಗಳದು. ಅದರ 5.1 ವೋಲ್ಟಿನ 1ಎನ್5231ಬಿಯನ್ನು ಅಳೆಯುವುದು 20 ಮಿಲಿಆಂಪಿಯರ್‌ನಲ್ಲಿ. ಸಿಕ್ಕರೆ ಕೊಳ್ಳಬಹುದು, ಆದರೆ ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಬಿಝಡ್‌ಎಕ್ಸ್ ತೆಗೆದುಕೊಳ್ಳಿ.

ಹೆಸರು ಓದುವುದು ಸುಲಭ. ಬಿಝಡ್‌ಎಕ್ಸ್79-ಸಿ5ವಿ1 ಎಂದಿದ್ದರೆ ‘ಸಿ’ ಅಂದರೆ ಶೇ. 5ರ ವ್ಯತ್ಯಾಸ, ‘5ವಿ1’ ಅಂದರೆ 5.1 ವೋಲ್ಟ್. ದಶಮಾಂಶದ ಚುಕ್ಕೆ ಅಳಿಸಿಹೋದೀತೆಂದು ಅದರ ಜಾಗದಲ್ಲಿ ‘ವಿ’ ಹಾಕುತ್ತಾರೆ. ಶೇ. 5 ಅಂದರೆ 5.1ರ ಡಯೋಡ್ 4.85ರಿಂದ 5.35ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಮುಂದಿನ ಮೌಲ್ಯ 5.6 ಶುರುವಾಗುವುದೇ 5.32ರಿಂದ. ಪಕ್ಕಪಕ್ಕದ ಮೌಲ್ಯಗಳ ಅಂಚುಗಳು ಹೀಗೆ ಒಂದಕ್ಕೊಂದು ತಾಗಿಕೊಂಡಿರುವುದರಿಂದಲೇ ಪ್ರತಿಯೊಂದನ್ನೂ ಕೊಳ್ಳಬೇಕಾಗಿಲ್ಲ.

ನನ್ನ ಆಯ್ಕೆ

ಅರ್ಧ ವಾಟಿನಲ್ಲಿ 5.1, 5.6, 6.2, 9.1 ಮತ್ತು 12. ಒಂದು ವಾಟಿನಲ್ಲಿ 5.1, 12, 15 ಮತ್ತು 24. ಮೌಲ್ಯಗಳು ಒಟ್ಟು ಏಳು, ಅವುಗಳಲ್ಲಿ ಎರಡು ಎರಡೂ ಬಗೆಯಲ್ಲಿವೆ. ಅರ್ಧ ವಾಟಿನವು ತಲಾ ಇಪ್ಪತ್ತೈದು, ಒಂದು ವಾಟಿನವು ತಲಾ ಹತ್ತು ಇದ್ದರೆ ಬಹಳ ಕಾಲ ಬರುತ್ತವೆ.

5.1 ಯಾಕೆಂದು ಹೇಳಬೇಕಾಗಿಲ್ಲ, 5 ವೋಲ್ಟಿನ ಜಗತ್ತಿನಲ್ಲೇ ನಾವಿದ್ದೇವೆ. ಒಂದು ವಾಟಿನ 5.1ನ್ನು 5 ವೋಲ್ಟ್ ಬೋರ್ಡಿನ ಸರಬರಾಜಿಗೆ ಅಡ್ಡಲಾಗಿ, ಮುಂದೊಂದು ಫ್ಯೂಸ್ ಇಟ್ಟು ಹಾಕಬಹುದು. ವೋಲ್ಟೇಜ್ ಏರಿದರೆ ಝೀನರ್ ಶಾರ್ಟ್ ಆಗಿ ಫ್ಯೂಸ್ ಹಾರುತ್ತದೆ, ಬೋರ್ಡ್ ಉಳಿಯುತ್ತದೆ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳ ಮುಖ್ಯ ಸರಬರಾಜಿನಲ್ಲಿ ನೂರು ವೋಲ್ಟ್ ಮೀರಿದ ಝೀನರ್ ಒಂದು ಇದೇ ಕೆಲಸ ಮಾಡುತ್ತಿತ್ತು. ಅದು ಶಾರ್ಟ್ ಆಗಿರುವುದನ್ನು ಕಂಡ ಕೂಡಲೇ ರಿಪೇರಿಯವರಿಗೆ ವೋಲ್ಟೇಜ್ ಏರಿತ್ತೆಂದು ಗೊತ್ತಾಗುತ್ತಿತ್ತು.

5.6 ಇರುವುದು ಟ್ರಾನ್ಸಿಸ್ಟರಿನ ಜೊತೆಗೆ. ಬಿಸಿ547ರ ಬೇಸ್‌ಗೆ 5.6 ವೋಲ್ಟ್ ಝೀನರ್ ಕೊಟ್ಟರೆ ಎಮಿಟರ್‌ನಲ್ಲಿ ಸುಮಾರು 0.65 ಕಳೆದು 5 ವೋಲ್ಟಿನ ಹತ್ತಿರ ಸಿಗುತ್ತದೆ. ಸೆನ್ಸರ್ ಒಂದಕ್ಕೆ, ಸಣ್ಣ ಐಸಿಗೆ 30–40 ಮಿಲಿಆಂಪಿಯರ್ ಬೇಕಿದ್ದರೆ ಇಷ್ಟೇ ಸಾಕು. ಅದಕ್ಕಿಂತ ಹೆಚ್ಚು ಬೇಕಾದರೆ ಝೀನರ್ ಜೊತೆ ಹೆಣಗಾಡದೆ 7805 ಹಾಕಿ.

6.2 ಎಲ್ಲಕ್ಕಿಂತ ಸ್ಥಿರವಾದ ರೆಫರೆನ್ಸ್ ಬೇಕಾದಾಗ. ಈ ಡಯೋಡ್ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಏರುತ್ತದೆ. ಸಾಮಾನ್ಯ 1ಎನ್4148 ನೇರವಾಗಿ ಜೋಡಿಸಿದಾಗ ಡಿಗ್ರಿಗೆ 2 ಮಿಲಿವೋಲ್ಟ್ ಇಳಿಯುತ್ತದೆ. ಎರಡನ್ನೂ ಸರಣಿಯಲ್ಲಿ ಒಂದಕ್ಕೊಂದು ತಾಗಿಸಿ ಬೆಸುಗೆ ಹಾಕಿದರೆ ಬಿಸಿಯ ಪರಿಣಾಮ ಬಹುಮಟ್ಟಿಗೆ ಅಳಿದು ಸುಮಾರು 6.9 ವೋಲ್ಟ್ ನಿಲ್ಲುತ್ತದೆ. 1ಎನ್821 ಎಂಬ ದುಬಾರಿ ರೆಫರೆನ್ಸ್ ಡಯೋಡಿನ ಒಳಗಿರುವ ಯುಕ್ತಿಯೂ ಇದೇ. ಈ ಒಂದು ಪ್ರಯೋಗವನ್ನು ಪ್ರತಿ ವಿದ್ಯಾರ್ಥಿಯೂ ಬ್ರೆಡ್‌ಬೋರ್ಡಿನ ಮೇಲೆ ಮಾಡಿ, ಬೆರಳಿನಿಂದ ಡಯೋಡ್ ಮುಟ್ಟಿ ಬಿಸಿ ಮಾಡುತ್ತ ಮೀಟರ್ ನೋಡಬೇಕೆಂಬುದು ನನ್ನ ಆಸೆ. ತಾಪಮಾನದ ಪಾಠ ಬೆರಳ ತುದಿಯಲ್ಲೇ ಅರ್ಥವಾಗುತ್ತದೆ.

9.1 ನನ್ನ ಪಟ್ಟಿಯಲ್ಲಿರುವುದು 12 ವೋಲ್ಟ್ ಲೆಡ್ ಆ್ಯಸಿಡ್ ಬ್ಯಾಟರಿಗಾಗಿ. ಕರೆಂಟ್ ಹೋದಾಗ ಉರಿಯುವ ದೀಪ, ಸೋಲಾರ್ ಲ್ಯಾಂಟರ್ನ್, ಬೈಕಿನ ಬ್ಯಾಟರಿ ಯಾವುದಾದರೂ ಆಗಲಿ, 9.1ರ ಝೀನರ್, ಒಂದು ಕೆಂಪು ಎಲ್‌ಇಡಿ, 470 ಓಮ್ ರೆಸಿಸ್ಟರ್ ಮೂರನ್ನೂ ಸರಣಿಯಲ್ಲಿ ಹಾಕಿ. ಎಲ್‌ಇಡಿಗೆ ಸುಮಾರು 1.9 ವೋಲ್ಟ್ ಬೇಕು. ಬ್ಯಾಟರಿ 11 ವೋಲ್ಟಿನ ಹತ್ತಿರ ಬಂದಾಗ ದೀಪ ಮಂಕಾಗಿ ಆರಿಹೋಗುತ್ತದೆ. ಇನ್ನು ಬಳಸಿದರೆ ಬ್ಯಾಟರಿ ಕೆಡುತ್ತದೆಂಬ ಸೂಚನೆ ಅದು. ಮೂರೇ ಭಾಗಗಳ ಇಷ್ಟು ಉಪಯುಕ್ತವಾದ ಸರ್ಕೀಟ್ ಇನ್ನೊಂದು ನನಗೆ ಗೊತ್ತಿಲ್ಲ.

12 ಮತ್ತು 15 ಮಾಸ್ಫೆಟ್‌ಗಳನ್ನು ಕಾಪಾಡಲು. ಐಆರ್‌ಎಫ್‌ಝಡ್44ಎನ್, ಐಆರ್‌ಎಫ್540ಎನ್‌ನಂಥವುಗಳ ಗೇಟ್ 20 ವೋಲ್ಟ್‌ಗಿಂತ ಹೆಚ್ಚು ತಡೆಯುವುದಿಲ್ಲ. ಗೇಟ್ ಮತ್ತು ಸೋರ್ಸ್ ನಡುವೆ 15 ವೋಲ್ಟ್ ಝೀನರ್, ಗೇಟಿನ ಮುಂದೊಂದು ರೆಸಿಸ್ಟರ್ ಇರಲಿ. ಐಆರ್‌ಎಲ್‌ಝಡ್44ಎನ್‌ನಂಥ ಲಾಜಿಕ್ ಲೆವೆಲ್ ಮಾಸ್ಫೆಟ್‌ಗೆ ಮಿತಿ 16 ವೋಲ್ಟ್ ಮಾತ್ರ. 15ರ ಝೀನರ್ ಶೇ. 5 ಏರಿದರೆ 15.75 ಆಗುತ್ತದೆ, ಅಂಚು ತೀರಾ ಸಣ್ಣದು. ಅಲ್ಲಿಗೆ 12ನ್ನೇ ಹಾಕಿ. 24 ವೋಲ್ಟ್ ಸೋಲಾರ್ ಬ್ಯಾಟರಿಯ ಉಲ್ಟಾ ಜೋಡಣೆಯಿಂದ ರಕ್ಷಿಸಲು ಪಿ-ಚಾನೆಲ್ ಮಾಸ್ಫೆಟ್ ಬಳಸುವವರಿಗೂ ಗೇಟಿನ ಝೀನರ್ ಇಲ್ಲದೆ ನಡೆಯದು. ಝೀನರ್ ಇಲ್ಲದ ಮಾಸ್ಫೆಟ್ ಕೆಲವು ದಿನ ಕೆಲಸ ಮಾಡಿಬಿಡುತ್ತದೆ, ಅದೇ ಅಪಾಯ. ಬೈಕಿನಲ್ಲೋ ಪಂಪಿನ ಪಕ್ಕದಲ್ಲೋ ಒಂದು ಹೊಡೆತ ಬಂದ ದಿನ ಹೋಗುತ್ತದೆ.

24 ವೋಲ್ಟಿನದು ರಿಲೇಗೆ. ಈ ಕಡೆಯ ಸೊಸೈಟಿಗಳಲ್ಲಿ ನೀರಿನ ಟಾಂಕಿ ತುಂಬಿದಾಗ ಪಂಪ್ ತಾನಾಗಿ ನಿಲ್ಲಿಸುವ ಸರ್ಕೀಟ್ ಹವ್ಯಾಸಿಗಳೆಲ್ಲ ಕೈಹಾಕುವ ಕೆಲಸ. ರಿಲೇ ಕಾಯಿಲಿಗೆ ಅಡ್ಡವಾಗಿ 1ಎನ್4007 ಹಾಕುವುದು ಎಲ್ಲರಿಗೂ ಗೊತ್ತು. ಆದರೆ ಅದರಿಂದ ಕಾಯಿಲಿನ ಕರೆಂಟ್ ನಿಧಾನವಾಗಿ ಇಳಿದು ಕಾಂಟ್ಯಾಕ್ಟ್ ನಿಧಾನವಾಗಿ ತೆರೆಯುತ್ತದೆ, ಪಂಪಿನಂಥ ಲೋಡಿನಲ್ಲಿ ಕಿಡಿ ಹೆಚ್ಚಾಗುತ್ತದೆ. ಆ ಡಯೋಡಿಗೆ ಸರಣಿಯಲ್ಲಿ 24 ವೋಲ್ಟ್ ಝೀನರ್ ಎದುರುಬದುರಾಗಿ ಸೇರಿಸಿದರೆ ಕಾಂಟ್ಯಾಕ್ಟ್ ಚುರುಕಾಗಿ ಬಿಡುತ್ತದೆ. ಸರಬರಾಜು 12, ಝೀನರ್ 24, ಡಯೋಡ್ 0.7 ಸೇರಿ ಟ್ರಾನ್ಸಿಸ್ಟರಿನ ಮೇಲೆ ಬೀಳುವುದು ಸುಮಾರು 37 ವೋಲ್ಟ್. ಬಿಸಿ547 ತಡೆಯುವುದು 45. ಲೆಕ್ಕ ಹೊಂದಿತು.

3.3 ವೋಲ್ಟ್ ಬೇಡ

3.3, 3.6, 3.9ರ ಝೀನರ್‌ಗಳನ್ನು ಬೇಕೆಂದೇ ಪಟ್ಟಿಯಿಂದ ಬಿಟ್ಟಿದ್ದೇನೆ. ಇಎಸ್‌ಪಿ32ರಂಥ 3.3 ವೋಲ್ಟ್ ಬೋರ್ಡುಗಳು ಎಲ್ಲರ ಕೈಯಲ್ಲಿರುವಾಗ ಇದು ವಿಚಿತ್ರವೆನಿಸಬಹುದು. ಆದರೆ ಅನಲಾಗ್ ಪಿನ್ನಿಗೆ ರಕ್ಷಣೆಯೆಂದು 3.3ರ ಝೀನರ್ ಹಾಕಿದರೆ ಅಳತೆಯೇ ಕೆಡುತ್ತದೆ. ಈ ಮೌಲ್ಯದ ಡಯೋಡಿನಲ್ಲಿ ಬಾಗಿಲು ತಟ್ಟನೆ ತೆರೆಯುವುದಿಲ್ಲ, ಮೊದಲಿಂದಲೇ ಸೋರುತ್ತಿರುತ್ತದೆ. ಬರೀ 1 ವೋಲ್ಟ್ ಇರುವಾಗಲೇ 5 ಮೈಕ್ರೋಆಂಪಿಯರ್‌ವರೆಗೆ ಸೋರಬಹುದು. ನಿಮ್ಮ ಸೆನ್ಸರಿನ ದಾರಿಯಲ್ಲಿ 100 ಕಿಲೋಓಮ್ ಇದ್ದರೆ ಅರ್ಧ ವೋಲ್ಟ್ ತಪ್ಪು ಅಲ್ಲಿಗೇ ಬಂತು. 12 ವೋಲ್ಟಿನ ಝೀನರ್ 8 ವೋಲ್ಟ್ ಇರುವಾಗಲೂ ಸೋರುವುದು ಹೆಚ್ಚೆಂದರೆ 0.1 ಮೈಕ್ರೋಆಂಪಿಯರ್, ಹೋಲಿಸಿ ನೋಡಿ. ಪಿನ್ನಿನ ರಕ್ಷಣೆಗೆ 10 ಕಿಲೋಓಮ್ ರೆಸಿಸ್ಟರ್ ಮತ್ತು 3.3ರ ಲೈನಿಗೆ ಒಂದು ಬಿಎಟಿ85 ಶಾಟ್ಕಿ ಡಯೋಡ್ ಸರಿಯಾದ ಜೋಡಿ.

ಕಡಿಮೆ ವೋಲ್ಟಿನ ರೆಫರೆನ್ಸ್ ಬೇಕಾದರೆ ಟಿಎಲ್431 ಕೊಳ್ಳಿ. ನೋಡಲು ಬಿಸಿ547ನ ಹಾಗೆಯೇ ಮೂರು ಕಾಲಿನ ಕಪ್ಪು ಮಣಿ. ಎರಡು ರೆಸಿಸ್ಟರ್‌ಗಳಿಂದ 2.5ರಿಂದ 36 ವೋಲ್ಟ್‌ವರೆಗೆ ಯಾವ ಝೀನರ್ ಬೇಕಾದರೂ ಆಗುತ್ತದೆ. ಮೇಲಿನದು 3.3 ಕಿಲೋಓಮ್, ಕೆಳಗಿನದು 10 ಕಿಲೋಓಮ್ ಇಟ್ಟರೆ 3.3 ವೋಲ್ಟ್, ಎರಡೂ 2.2 ಕಿಲೋಓಮ್ ಇಟ್ಟರೆ 5 ವೋಲ್ಟ್. ಕನಿಷ್ಠ 1 ಮಿಲಿಆಂಪಿಯರ್ ಕೊಡಬೇಕು, 100ರವರೆಗೆ ತಡೆಯುತ್ತದೆ. ಕೆಟ್ಟ ಕಂಪ್ಯೂಟರ್ ಪವರ್ ಸಪ್ಲೈಯನ್ನೋ ಹಳೆಯ ಅಡಾಪ್ಟರನ್ನೋ ಬಿಚ್ಚಿದರೆ ಆಪ್ಟೊಕಪ್ಲರಿನ ಪಕ್ಕದಲ್ಲಿ ಇದು ಹೆಚ್ಚಾಗಿ ಇದ್ದೇ ಇರುತ್ತದೆ. ಬರೀ ಸರಬರಾಜೇ ಬೇಕಿದ್ದರೆ ಎಎಂಎಸ್1117ರ 3.3 ವೋಲ್ಟ್ ಐಸಿ ಹಾಕಿ.

ಇದೇ ಕಾರಣಕ್ಕೆ ಹತ್ತಾರು ಮೌಲ್ಯಗಳು ತಲಾ ಹತ್ತರಂತೆ ಬರುವ ‘ಅಸಾರ್ಟೆಡ್ ಕಿಟ್’ ನನಗೆ ಇಷ್ಟವಿಲ್ಲ. ಬೇಡದ ಕೆಳಗಿನ ಮೌಲ್ಯಗಳು ಅದರಲ್ಲಿ ತುಂಬಿರುತ್ತವೆ, ಬೇಕಾದ 5.1 ಮತ್ತು 12 ಎರಡೇ ಪ್ರಾಜೆಕ್ಟಿನಲ್ಲಿ ಖಾಲಿಯಾಗುತ್ತವೆ. ಮೇಲಾಗಿ ಕಿಟ್‌ನಲ್ಲಿರುವವು ಬಹುತೇಕ ಒಂದು ವಾಟಿನವೇ.

ರೆಸಿಸ್ಟರ್ ಲೆಕ್ಕ, ಬಿಸಿಯ ಲೆಕ್ಕ

ಒಂದೇ ಉದಾಹರಣೆ ಸಾಕು. 12 ವೋಲ್ಟ್ ಬ್ಯಾಟರಿಯಿಂದ 5.1 ವೋಲ್ಟ್ ಪಡೆದು 10 ಮಿಲಿಆಂಪಿಯರಿನ ಸರ್ಕೀಟ್ ನಡೆಸಬೇಕು. ಝೀನರ್‌ಗೆ 5, ಸರ್ಕೀಟಿಗೆ 10, ಒಟ್ಟು 15 ಮಿಲಿಆಂಪಿಯರ್. 6.9 ವೋಲ್ಟನ್ನು ಅದರಿಂದ ಭಾಗಿಸಿದರೆ 460, ಅಂಗಡಿಯಲ್ಲಿ ಸಿಗುವುದು 470 ಓಮ್. ಬಹಳ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಬ್ಯಾಟರಿ ಮಾತ್ರ ಸದಾ 12 ವೋಲ್ಟಿನಲ್ಲಿ ಇರುವುದಿಲ್ಲ. ಖಾಲಿಯಾಗುತ್ತ 11ಕ್ಕೆ ಇಳಿದಾಗ ರೆಸಿಸ್ಟರಿನಲ್ಲಿ ಬರುವುದು 12.5 ಮಿಲಿಆಂಪಿಯರ್, ಝೀನರ್‌ಗೆ ಉಳಿಯುವುದು 2.5 ಮಾತ್ರ. ಅರ್ಧ ವಾಟಿನ ಝೀನರ್ ಇಷ್ಟರಲ್ಲಿ ನಿಭಾಯಿಸುತ್ತದೆ, ಒಂದು ವಾಟಿನದು ಕೆಳಗೆ ಜಾರಿಬಿಡುತ್ತದೆ. ಚಾರ್ಜ್ ಆಗುವಾಗ 14.4ಕ್ಕೆ ಏರಿ, ಅದೇ ಹೊತ್ತಿಗೆ ಸರ್ಕೀಟನ್ನು ಕಳಚಿದರೆ ಸುಮಾರು 20 ಮಿಲಿಆಂಪಿಯರ್ ಪೂರ್ತಿ ಝೀನರ್‌ಗೇ ಬರುತ್ತದೆ. 5.1ರಿಂದ ಗುಣಿಸಿದರೆ 0.1 ವಾಟ್, ಅರ್ಧ ವಾಟಿನದಕ್ಕೆ ಆರಾಮ. ಆದರೆ ರೆಸಿಸ್ಟರ್‌ನಲ್ಲಿ 0.18 ವಾಟ್ ಬಿಸಿ, ಕಾಲು ವಾಟಿನದು ಕೈ ಸುಡುತ್ತದೆ. ಅರ್ಧ ವಾಟಿನ ರೆಸಿಸ್ಟರ್ ಹಾಕಿ.

ಝೀನರ್‌ಗೆ ಬರೆದಿರುವ ವಾಟಿನಲ್ಲಿ ಅರ್ಧದಷ್ಟನ್ನೇ ಬಳಸುವುದು ನಮ್ಮ ಹವೆಗೆ ಸರಿಯಾದ ನಿಯಮ. 1ಎನ್47 ಸರಣಿಯ ಒಂದು ವಾಟ್ ಎಂಬುದು ಅದರ ಕಾಲುಗಳು 50 ಡಿಗ್ರಿಯೊಳಗಿದ್ದಾಗ ಮಾತ್ರ ಸತ್ಯ. ಆಮೇಲೆ ಡಿಗ್ರಿಗೆ 6.67 ಮಿಲಿವಾಟ್ ಕಡಿತ. ಬಿಸಿ ಹೊರಹೋಗುವುದೇ ಕಾಲುಗಳ ಮೂಲಕ, ಅದಕ್ಕೇ ಕಾಲು ಗಿಡ್ಡವಾಗಿರಲಿ, ಬೋರ್ಡಿನಲ್ಲಿ ತಾಮ್ರ ಅಗಲವಾಗಿರಲಿ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಗಣೇಶೋತ್ಸವ ಬಂದಾಗ ಮಂಟಪದ ದೀಪಗಳಿಗೆ ಟ್ರಾನ್ಸ್‌ಫಾರ್ಮರ್ ಇಲ್ಲದ ಸರಬರಾಜನ್ನು ಹುಡುಗರು ಮಾಡಲು ಹೊರಡುತ್ತಾರೆ: 230 ವೋಲ್ಟಿಗೆ ಒಂದು 0.47 ಮೈಕ್ರೋಫ್ಯಾರಡ್ ಕೆಪಾಸಿಟರ್, ಬ್ರಿಜ್, 24 ವೋಲ್ಟ್ ಝೀನರ್. ಈ ಕೆಪಾಸಿಟರ್ ಸುಮಾರು 30 ಮಿಲಿಆಂಪಿಯರ್ ಬಿಡುತ್ತದೆ. ದೀಪದ ತಂತಿ ಕಳಚಿದರೆ ಅಷ್ಟೂ ಝೀನರ್‌ನಲ್ಲಿ ಹರಿದು 0.7 ವಾಟ್ ಬಿಸಿಯಾಗುತ್ತದೆ. ಒಂದು ವಾಟಿನದು ಬೇಯುತ್ತಲೇ ಇರುತ್ತದೆ, ಅಲ್ಲಿಗೆ 5 ವಾಟಿನ 1ಎನ್5359ಬಿ ಬೇಕು. ಝೀನರ್ ಸುಟ್ಟು ತೆರೆದುಕೊಂಡರೆ ಮುಂದಿನ ಕೆಪಾಸಿಟರ್ ಸಿಡಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಂಥ ಸರ್ಕೀಟಿನ ಪ್ರತಿ ತಂತಿಯೂ ಮೇನ್ಸಿಗೆ ನೇರವಾಗಿ ಸೇರಿರುತ್ತದೆ. ಹೊರಗೆ 24 ವೋಲ್ಟ್ ಎಂದಿದ್ದರೂ ಮುಟ್ಟಿದವರಿಗೆ ಪ್ರಾಣಾಪಾಯದ ಶಾಕ್. ಮಳೆಗಾಲದ ಒದ್ದೆ ಮಂಟಪದಲ್ಲಿ ಇದನ್ನು ದಯವಿಟ್ಟು ಮಾಡಬೇಡಿ. 12 ವೋಲ್ಟಿನ ಒಳ್ಳೆಯ ಅಡಾಪ್ಟರ್ ಬಳಸಿ.

ಕೊಳ್ಳುವಾಗ, ಇಡುವಾಗ

ಲ್ಯಾಮಿಂಗ್ಟನ್ ರೋಡಿನ ಕೌಂಟರಿನಲ್ಲಿ ‘ಐದು ವೋಲ್ಟ್ ಝೀನರ್’ ಎಂದರೆ 4.7, 5.1, 5.6 ಯಾವುದು ಬೇಕಾದರೂ ಕೈಗೆ ಬರಬಹುದು. ‘ಪಾಂಚ್ ಪಾಯಿಂಟ್ ಏಕ್, ಆಧಾ ವಾಟ್’ ಎಂದು ಎರಡನ್ನೂ ಹೇಳಿ, ಸಾಧ್ಯವಾದರೆ ಪೂರ್ತಿ ನಂಬರ್ ಬರೆದ ಚೀಟಿ ಕೊಡಿ. ಕಾಗದದ ಟೇಪಿನಲ್ಲಿ ಅಂಟಿಸಿದ ಸಾಲನ್ನು ಹಾಗೆಯೇ ಕತ್ತರಿಸಿ ಕೊಡಲು ಕೇಳಿ, ಸಡಿಲವಾಗಿ ಎಣಿಸಿ ಕೊಟ್ಟವುಗಳಲ್ಲಿ ಬೇರೆ ಮೌಲ್ಯ ಬೆರೆಯುವ ಸಾಧ್ಯತೆ ಹೆಚ್ಚು. 1964ರಲ್ಲಿ ಶುರುವಾದ ನಮ್ಮದೇ ದೇಶದ ಕಾಂಟಿನೆಂಟಲ್ ಡಿವೈಸ್ ಇಂಡಿಯಾ, ಅಂದರೆ ಸಿಡಿಐಎಲ್ ಕಂಪನಿಯೂ ಝೀನರ್ ತಯಾರಿಸುತ್ತದೆ, ಸಿಕ್ಕರೆ ಖುಷಿಯಿಂದ ಕೊಳ್ಳಿ. ಊರಿಗೆ ಹೋದಾಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳುವವರೂ ಇದೇ ಕ್ರಮ ಅನುಸರಿಸಬಹುದು.

ತಂದ ಮೇಲೆ ಪ್ರತಿ ಮೌಲ್ಯದಿಂದ ಎರಡನ್ನಾದರೂ ಪರೀಕ್ಷಿಸಿ. ಮಲ್ಟಿಮೀಟರಿನ ಡಯೋಡ್ ಸ್ಥಾನ ಇದಕ್ಕೆ ಸಾಲದು, ಅದು ತೋರಿಸುವುದು ನೇರ ದಿಕ್ಕಿನ 0.7 ಮಾತ್ರ. ಅಗ್ಗದ ಕಾಂಪೊನೆಂಟ್ ಟೆಸ್ಟರುಗಳಲ್ಲಿ ಬಹಳಷ್ಟು 5 ವೋಲ್ಟಿನಲ್ಲೇ ಅಳೆಯುವುದರಿಂದ 12 ವೋಲ್ಟಿನ ಝೀನರ್ ಅವುಗಳಿಗೆ ಬರೀ ಡಯೋಡಾಗಿ ಕಾಣುತ್ತದೆ. ಎಂಟಿ3608 ಎಂಬ ಸಣ್ಣ ಬೂಸ್ಟ್ ಮಾಡ್ಯೂಲ್ ಕೊಂಡು, ಯುಎಸ್‌ಬಿಯ 5 ವೋಲ್ಟನ್ನು ಅದರ ಗರಿಷ್ಠ 28ಕ್ಕೆ ಏರಿಸಿ, 3.3 ಕಿಲೋಓಮ್‌ನ ಅರ್ಧ ವಾಟ್ ರೆಸಿಸ್ಟರ್ ಮೂಲಕ ಝೀನರ್‌ಗೆ ಹಿಮ್ಮುಖವಾಗಿ ಕೊಡಿ. ಡಯೋಡಿನ ಎರಡೂ ತುದಿಯಲ್ಲಿ ಮೀಟರ್ ಹಿಡಿದರೆ ಮೌಲ್ಯ ಸಿಗುತ್ತದೆ. ಹಳೆಯ ಬೋರ್ಡಿನಿಂದ ಕಿತ್ತವುಗಳಿಗಂತೂ ಇದು ಕಡ್ಡಾಯ. ಅರ್ಧ ವಾಟಿನ ಝೀನರ್, 1ಎನ್4148, ಬಿಎಟಿ85 ಎಲ್ಲವೂ ಒಂದೇ ಬಗೆಯ ಸಣ್ಣ ಗಾಜಿನ ಕೊಳವೆಗಳು, ಅಕ್ಷರ ಮಾಸಿದ ಮೇಲೆ ಕಣ್ಣಿನಿಂದ ಗುರುತಿಸಲಾಗದು.

ಉಲ್ಹಾಸ್ ನದಿಯ ದಡದ ತೇವ, ಸುತ್ತಲಿನ ಕಾರ್ಖಾನೆಗಳ ಗಾಳಿ ಎರಡೂ ಸೇರಿ ಒಂದೇ ಮಳೆಗಾಲದಲ್ಲಿ ಡಯೋಡಿನ ಕಾಲುಗಳು ಮಂಕಾಗುತ್ತವೆ, ಬೆಸುಗೆ ಹಿಡಿಯುವುದಿಲ್ಲ. ಮೌಲ್ಯಕ್ಕೊಂದು ಜಿಪ್ ಚೀಲ, ಅದರ ಮೇಲೆ ದೊಡ್ಡದಾಗಿ ಸಂಖ್ಯೆ, ಎಲ್ಲ ಚೀಲಗಳನ್ನೂ ಹಿಡಿಸುವ ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ನೆಲಮಹಡಿಯಲ್ಲಿರುವವರು ಡಬ್ಬಿಯನ್ನು ಮೇಲಿನ ಅಟ್ಟದಲ್ಲಿಡಿ. 2005ರ ಜುಲೈ 26ರ ನೆರೆಯನ್ನು ಕಂಡ ಕಲ್ಯಾಣ್–ಶಹಾಡ್ ಕಡೆಯವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಮಂಕಾದ ಕಾಲನ್ನು ಬ್ಲೇಡಿನಿಂದ ಹಗುರಾಗಿ ಕೆರೆದು, ಫ್ಲಕ್ಸ್ ಹಚ್ಚಿದರೆ ಮತ್ತೆ ಬೆಸುಗೆ ಹಿಡಿಯುತ್ತದೆ.

ಪಟ್ಟಿಯಲ್ಲಿಲ್ಲದ ಮೌಲ್ಯ ಬೇಕಾದರೆ ಗ್ರಾಂಟ್ ರೋಡ್ ಗಾಡಿ ಹಿಡಿಯುವ ಮುನ್ನ ಕೂಡಿಸಿ ನೋಡಿ. ಝೀನರ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ ವೋಲ್ಟೇಜ್‌ಗಳು ಸೇರುತ್ತವೆ. 18 ಬೇಕೆಂದರೆ 12 ಮತ್ತು 6.2, ಇಲ್ಲವೇ ಎರಡು 9.1, 20ಕ್ಕೆ 15 ಮತ್ತು 5.1, 30ಕ್ಕೆ ಎರಡು 15, 36ಕ್ಕೆ 24 ಮತ್ತು 12. ಸ್ವಲ್ಪವೇ ಕಡಿಮೆ ಬಿದ್ದರೆ ನೇರ ದಿಕ್ಕಿನಲ್ಲಿ ಒಂದು 1ಎನ್4148 ಸೇರಿಸಿ, 0.7 ಸಿಗುತ್ತದೆ. ಟ್ರಾನ್ಸಿಸ್ಟರಿನಿಂದ ಸರಿಯಾಗಿ 12 ವೋಲ್ಟ್ ಬೇಕಾದಾಗ 12ರ ಝೀನರ್ ಜೊತೆ ಈ ಒಂದು ಡಯೋಡ್ ಹಾಕಿದರೆ ಬೇಸ್‌ನಲ್ಲಿ ಕಳೆದುಹೋಗುವ 0.7 ವೋಲ್ಟ್ ತುಂಬಿಬರುತ್ತದೆ. ಬಿಸಿಯಾದಾಗ ಟ್ರಾನ್ಸಿಸ್ಟರಿನ 0.7 ಇಳಿದಷ್ಟೇ ಡಯೋಡಿನದೂ ಇಳಿಯುವುದರಿಂದ ಆ ಏರುಪೇರೂ ಹೊರಗೆ ಕಾಣುವುದಿಲ್ಲ.